ಟಚ್‌ಪ್ಯಾಡಿನ ಮೇಲೊಂದು ಒರಟು ಹಾಳೆ

ನಮ್ಮ ಮೇಲಿನ ಮನೆಯ ಮಾರ್ತಾಂಡ ದೇಸಾಯರು ತಮ್ಮ ಬೆರಳು ನಂಬಿ ಬದುಕಿದವರು. ನಮ್ಮ ಊರಾಚೆ ಚಾಕಣದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಗೇರ್‌ಬಾಕ್ಸಿನ ಕವಚಗಳು ಅವರ ಮುಂದೆ ಸಾಲಾಗಿ ಬರುತ್ತಿದ್ದವು. ಇವರು ಕಣ್ಣು ಮುಚ್ಚಿ, ಬಲಗೈಯ ತೋರುಬೆರಳನ್ನು ಒಮ್ಮೆ ಮೇಲೆ ಆಡಿಸಿ, ಪಾಸ್ ಅಥವಾ ರಿಜೆಕ್ಟ್ ಎನ್ನುತ್ತಿದ್ದರು. ಅಳೆಯುವ ಯಂತ್ರ ಬಂದ ಮೇಲೂ ಅದು ಹೇಳಿದ್ದು ಸರಿಯೋ ಎಂದು ಇವರ ಬೆರಳನ್ನೇ ಕೇಳುತ್ತಿದ್ದರಂತೆ. ಅಂತೆ ಎಂದೆ, ಯಾಕೆಂದರೆ ಹೇಳಿದವರು ಅವರೇ.

ಮದುವೆಯಾಗಲಿಲ್ಲ. ಧಾರವಾಡ, ಬೆಳಗಾವಿ ಸುತ್ತಿ ಹದಿನಾಲ್ಕು ಹೆಣ್ಣು ನೋಡಿ ಹದಿನಾಲ್ಕರಲ್ಲೂ ಏನೋ ಕೊರತೆ ಕಂಡರು. ಹದಿನೈದನೆಯವಳು ಇವರಲ್ಲಿ ಕಂಡಳು. ಅಲ್ಲಿಗೆ ಆ ತಪಾಸಣೆ ಮುಗಿಯಿತು.

ನಿವೃತ್ತಿಯ ನಂತರ ಕಾರ್ಖಾನೆಯವರು ಅವರಿಗೊಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟು ಮನೆಯಲ್ಲೇ ಕೆಲಸ ಹಚ್ಚಿದರು. ದಿನಾ ಬೆಳಿಗ್ಗೆ ಕವಚಗಳ ಫೋಟೋ ಬರುತ್ತವೆ. ಎಲ್ಲಿ ಬಿರುಕು, ಎಲ್ಲಿ ತೂತು ಎಂದು ನೋಡಿ ಅದರ ಸುತ್ತ ಕೆಂಪು ಚೌಕ ಎಳೆಯಬೇಕು. ದಿನಕ್ಕೆ ನೂರಿಪ್ಪತ್ತು ಫೋಟೋ. ವರ್ಷ ಎರಡಾಗುವಷ್ಟರಲ್ಲಿ ಟಚ್‌ಪ್ಯಾಡಿನ ನಡುಭಾಗ ಸವೆದು, ಮುಖ ನೋಡಿ ಗಡ್ಡ ಕೆರೆಯುವಷ್ಟು ನುಣುಪಾಯಿತು. ಬೆರಳು ಅಂಟಿಕೊಳ್ಳುವುದು, ತಟ್ಟನೆ ಜಾರುವುದು. ಬಿರುಕು ಒಂದು ಕಡೆ, ಚೌಕ ಇನ್ನೊಂದು ಕಡೆ.

ಆಗ ಹನ್ನೊಂದು ಗಂಟೆಗೆ ಚಾಕಣದಿಂದ ಮುಕ್ತಾ ಎಂಬ ಹುಡುಗಿಯ ಫೋನ್ ಬರುತ್ತಿತ್ತು. "ಕಾಕಾ, ನಿಮ್ಮ ಚೌಕ ಇವತ್ತೂ ಓಡಿಹೋಯ್ತು" ಎಂದು ಮರಾಠಿಯಲ್ಲಿ ನಗುವಳು. ಚೌಕದ ಮಾತು ಎರಡು ನಿಮಿಷ. ಆಮೇಲೆ ಅವಳ ತಾಯಿಯ ಮೊಣಕಾಲು, ತಪ್ಪಿದ ಬಸ್ಸು, ಕ್ಯಾಂಟೀನಿನ ಮೊಳಕೆಕಾಳಿನ ಉಸಳ. ಇಡೀ ದಿನದಲ್ಲಿ ದೇಸಾಯರಿಗೆ ಬರುತ್ತಿದ್ದ ಫೋನ್ ಅದೊಂದೇ. ಸಾಲ ಬೇಕೇ ಎಂದು ಕೇಳುವವರನ್ನು ಬಿಟ್ಟರೆ.

ಒಂದು ದಿನ ಅವಳು ನಗದೆ ಹೇಳಿದಳು: ತಿಂಗಳ ಕೊನೆಯೊಳಗೆ ಚೌಕಗಳು ನೆಟ್ಟಗಾಗದಿದ್ದರೆ ಸಾಹೇಬರು ಫೋಟೋಗಳನ್ನು ಬೇರೆಯವರಿಗೆ ಕೊಡುತ್ತಾರಂತೆ.

ದೇಸಾಯರು ಕೆಳಗಿಳಿದು ನಮ್ಮ ಮನೆಗೆ ಬಂದರು. ಮೌಸ್ ಇಟ್ಟುಕೊಳ್ಳಿ ಎಂದೆ.

"ಅದು ಕೈಗವಸ ಹಾಕ್ಕೊಂಡು ಕೆಲಸ ಮಾಡಿಧಂಗ ಆಗ್ತದರಿ. ಬೆರಳಿಗೆ ಏನೂ ತಿಳಿಯೂದಿಲ್ಲ."

ಹಾಗಾದರೆ ಕೇರಂ ಬೋರ್ಡಿಗೆ ಹಾಕುವ ಪೌಡರ್ ಉದುರಿಸಿ ನೋಡಿ ಎಂದೆ. ನಾನು ಹೀಗೆಯೇ, ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಎರಡು ದಿನ ಬೆರಳು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಮೂರನೆಯ ದಿನ ಪೌಡರ್ ಕೀಲಿಗಳ ಕೆಳಗೆ ಇಳಿದು ಅರ್ಧ ಅಕ್ಷರಗಳು ಮೂಡದಾದವು. ಪ್ರಾಯಶ್ಚಿತ್ತಕ್ಕೆಂದು ನಾನೇ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬುಧವಾರ ಪೇಟೆಗೆ ಹೋದೆ.

ಅಲ್ಲಿಯ ಗಲ್ಲಿಯೊಂದರ ತಿರುವಿನಲ್ಲಿ ಅಂಬಾರಾಯನ ಗಾಡಿ ಇದೆ. ಕಲಬುರ್ಗಿ ಕಡೆಯವನು, ನಡುವಯಸ್ಸು. ಮೊಬೈಲಿನ ಬೆನ್ನಿಗೆ ಅಂಟಿಸುವ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ಕೊಡುವುದು ಅವನ ಕಸುಬು. ಸವೆದರೆ ಕಿತ್ತೆಸೆದು ಬೇರೆ ಅಂಟಿಸಿಕೊಳ್ಳಬಹುದು. ಟಚ್‌ಪ್ಯಾಡಿಗೂ ನಡೆಯುತ್ತದೆ ಎಂದ. ಚರ್ಮದ ಗೆರೆಯದು, ಮೀನಿನ ಹುರುಪೆಯಂಥದು, ನೇಯ್ಗೆಯದು ಎಂದು ಹತ್ತು ಬಗೆ ಹರಡಿದ.

ದೇಸಾಯರು ಕಣ್ಣು ಮುಚ್ಚಿದರು. ಬೆರಳು ಆಡಿಸಿದರು.

"ರಿಜೆಕ್ಟ್."

ಇನ್ನೊಂದು. "ರಿಜೆಕ್ಟ್."

ಆರನೆಯದಕ್ಕೂ ಅದೇ ಆದಾಗ ಅಂಬಾರಾಯ ನನ್ನ ಕಡೆ ತಿರುಗಿದ. "ಸರ, ಕಾಕಾರು ಹಾಳಿ ನೋಡ್ಲಾಕ ಬಂದಾರೋ, ಹೆಣ್ಣ ನೋಡ್ಲಾಕ ಬಂದಾರೋ?"

"ಅದರಾಗೂ ಹಿಂಗs ಆತು, ತಮ್ಮಾ" ಎಂದರು ದೇಸಾಯರು, ಕಣ್ಣು ತೆರೆಯದೆ.

ಅಂಬಾರಾಯ ನನಗೆ ಕಣ್ಣು ಹೊಡೆದು, ಈಗಷ್ಟೇ ಬೇಡವೆಂದ ಹಾಳೆಯನ್ನೇ ಮತ್ತೆ ಅವರ ಬೆರಳ ಕೆಳಗೆ ಸರಿಸಿದ. "ಇದು ಭಾಳ ಒರಟ ಆತು" ಎಂದರು. ಅದನ್ನೇ ಇನ್ನೊಮ್ಮೆ ಇಟ್ಟ. "ಇದು ಭಾಳ ನುಣುಪ." ಮೂರನೆಯ ಸಲ ಇಟ್ಟಾಗ ನಾನು ಬೇಡವೆಂದು ಕೈ ಮಾಡಿದೆ. ತಡವಾಗಿತ್ತು, ಅವರು ಕಣ್ಣು ಬಿಟ್ಟಿದ್ದರು. ನನ್ನ ಎತ್ತಿದ ಕೈಯನ್ನೂ ಅಂಬಾರಾಯ ಹಿಡಿದೇ ಇದ್ದ ಹಾಳೆಯನ್ನೂ ನೋಡಿದರು.

"ಮೂರೂ ಇದs ಏನು?"

ಅಂಬಾರಾಯ ತಲೆ ತಗ್ಗಿಸಿ ಬ್ಲೇಡು ಒರೆಸತೊಡಗಿದ. ದೇಸಾಯರು ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ಉಜ್ಜಿ ನೋಡಿಕೊಂಡರು. ಗೆರೆಗಳೆಲ್ಲ ಮಾಸಿ ಅದರ ತುದಿಯೂ ಟಚ್‌ಪ್ಯಾಡಿನ ಹಾಗೇ ಹೊಳೆಯುತ್ತಿತ್ತು.

"ಎಂದಿನಿಂದ ತಿಳೀವಲ್ದಾಗೇದೋ ಯಾರಿಗೆ ಗೊತ್ತು" ಎಂದರು ಮೆಲ್ಲಗೆ. ಗಲ್ಲಿಯಲ್ಲಿ ಹಾರ್ನು ಹೊಡೆಯುವವರು ಹೊಡೆಯುತ್ತಲೇ ಇದ್ದರು. ತಮಾಷೆ ಬರೆದು ಹೊಟ್ಟೆ ಹೊರೆಯುವ ನಾನು ಆ ಹಾಳೆಯನ್ನು ತೆಗೆದು ಉಳಿದವುಗಳ ಕೆಳಗೆ ಸರಿಸಿದೆ.

"ಎಲ್ಲಾಕ್ಕಿಂತ ಒರಟ ಯಾವುದದ, ಅದನ್ನ ಕೊಡು."

"ಅದು ಯಾರೂ ಒಯ್ಯಂಗಿಲ್ರಿ ಕಾಕಾ. ಬೆರಳು ಕೆರೀತದ ಅಂತ ವಾಪಸ್ ತರ್ತಾರ."

"ಅದs ಬೇಕು. ನಾಕು ಕತ್ತರಿಸು."

ಅಂಬಾರಾಯ ಐದು ಕತ್ತರಿಸಿದ. ಐದನೆಯದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೀಲಿಗಳ ಪೌಡರನ್ನು ನಾನೇ ಹಳೆಯ ಬ್ರಷ್ಷಿನಿಂದ ತೆಗೆದುಕೊಟ್ಟೆ. ಆ ಒರಟು ಹಾಳೆಯ ಮೇಲೆ ಬೆರಳಿಗೆ ದಾರಿ ಸಿಕ್ಕಿತು. ಚೌಕಗಳು ಗೆರೆ ಕೊರೆದಂತೆ ಕೂತವು. ತಿಂಗಳ ಕೊನೆಗೆ ಮುಕ್ತಾಳಿಂದ ಒಂದು ಸಾಲು ಬಂತು: ಒಂದೂ ತಪ್ಪಿಲ್ಲ ಕಾಕಾ, ಕೆಲಸ ನಿಮ್ಮದೇ. ಕೆಳಗೊಂದು ಎತ್ತಿದ ಹೆಬ್ಬೆರಳಿನ ಚಿತ್ರ. ಅದನ್ನು ನನಗೆ ತೋರಿಸಲು ಬಂದವರು ಚಹಾ ಕುಡಿದರೂ ಏಳಲಿಲ್ಲ.

"ಫೋನ್ ಬಂದು ಹದಿನೇಳು ದಿನ ಆತ್ರಿ" ಎಂದರು.

ತಪ್ಪಿದ್ದಾಗ ತಿದ್ದಲು ಫೋನ್ ಬರುತ್ತಿತ್ತು. ತಪ್ಪೇ ಇಲ್ಲದ ಮೇಲೆ ಆ ಹುಡುಗಿಗಾದರೂ ಏನು ಕೆಲಸ? ನಮ್ಮಿಬ್ಬರಿಗೂ ಇದು ಮೊದಲೇ ಹೊಳೆದಿರಲಿಲ್ಲ.

"ನೀವೇ ಮಾಡಿ" ಎಂದೆ.

"ಕಾರಣ ಬೇಕಲ್ರಿ. ಕಾರ್ಖಾನ್ಯಾಗ ಲೈನ್ ನಡೆದಾಗ ಸುಮ್ಮಸುಮ್ನ ಫೋನ್ ಮಾಡಬಾರದು."

"ಹಾಗಾದರೆ ಒಂದು ಚೌಕ ಸೊಟ್ಟ ಎಳೆಯಿರಿ."

ಬಿರುಕು ಬಿಟ್ಟ ಕವಚ ನೋಡುವಂತೆ ನನ್ನನ್ನು ನೋಡಿದರು. ಎದ್ದು ಮೆಟ್ಟಿಲು ಹತ್ತಿದರು.

ಮರುದಿನ ಹನ್ನೊಂದಕ್ಕೆ ನನಗೆ ಬರೆಯಲು ಮನಸ್ಸಾಗಲಿಲ್ಲ. ಫೋನ್ ತೆಗೆದು ಅವರ ನಂಬರ್ ಒತ್ತಿದೆ. ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿಕೊಂಡರು.

"ಹಾಂ, ಬೋಲ ಬಾಳಾ" ಎಂದರು, ಹೇಳು ಮಗೂ ಎಂದು ಮರಾಠಿಯಲ್ಲಿ.

"ನಾನ್ರಿ, ಕೆಳಗಿನಿಂದ."

"ಏನ್ರಿ?"

"ಏನಿಲ್ಲ. ಸುಮ್ಮನೆ ಮಾಡಿದೆ."

"ಈ ಹೊತ್ತಿನ್ಯಾಗ ಮಾಡಬ್ಯಾಡ್ರಿ" ಎಂದರು, ಬಹಳ ಮೆತ್ತಗೆ. "ಯಾರರ ಮಾಡಿದ್ರ ಬಿಜಿ ಹತ್ತತದ. ಇಡ್ಲಾ?"