ಇಬ್ಬರಿಗೂ ಬಂದರೆ ಬಂತು

ಮಗರಪಟ್ಟಾದ ದೊಡ್ಡ ಶಾಲೆಯೊಂದರಲ್ಲಿ ಈಗ ನಾನು ಮೂರನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಪರೀಕ್ಷೆಯ ದಿನ ಇಲ್ಲಿ ಮಕ್ಕಳ ನಡುವೆ ರಟ್ಟಿನ ಪರದೆ ನಿಲ್ಲಿಸುತ್ತಾರೆ. ಬರೆದು ಮುಗಿಸಿದ ಮಗು ಕೈಕಟ್ಟಿಕೊಂಡು ಆ ರಟ್ಟನ್ನೇ ನೋಡುತ್ತ ಕೂರುತ್ತದೆ. ಮಕ್ಕಳು ಜಾಣರು, ಅಂಕಗಳೂ ಚೆನ್ನಾಗಿಯೇ ಬರುತ್ತವೆ, ಸಂಬಳವೂ ಹೊತ್ತಿಗೆ ಸರಿಯಾಗಿ ಬರುತ್ತದೆ. ದೂರುವುದಕ್ಕೆ ಏನೂ ಇಲ್ಲ. ಆದರೂ ಆ ಮೌನದಲ್ಲಿ ಹಡಪಸರದ ನನ್ನ ಹಳೆಯ ಶಾಲೆಯ ಕೋಣೆ ನೆನಪಾಗುತ್ತದೆ.

ಅದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ. ಶಾಲೆ ಅಂದರೆ ಏನು ಮಹಾ, ಒಂದು ಮರಾಠಿ ಶಾಲೆಯ ಹಿಂಬದಿಯಲ್ಲಿ ನಮಗೆ ಬಿಟ್ಟುಕೊಟ್ಟಿದ್ದ ಒಂದು ಉದ್ದನೆಯ ಕೋಣೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಗುಮಾಸ್ತರ, ಅಂಗಡಿಯವರ, ಟೇಲರುಗಳ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಒಂದರಿಂದ ಮೂರನೆಯ ತರಗತಿಯವರೆಗೆ ಎಲ್ಲರಿಗೂ ನಾನೊಬ್ಬಳೇ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯನ್ನು ಹಾಗೇ ಕರೆಯುವುದು. ಇರುವ ಒಂದು ಗಂಟಲು ಮೂರು ತರಗತಿಗೆ ಹೇಗೆ ಸಾಲಬೇಕು? ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಲೆಕ್ಕವನ್ನು ಮೊದಲು ಮುಗಿಸಿದವರು ಪಕ್ಕದವರಿಗೆ ಹೇಳಿಕೊಡಬೇಕು. ಉತ್ತರ ಹೇಳುವಂತಿಲ್ಲ, ದಾರಿ ತೋರಿಸಬೇಕು. ಪಕ್ಕದವರು ತಿಳಿದ ಮೇಲೆ ಗಟ್ಟಿಯಾಗಿ ‘ಬಂತು’ ಅನ್ನಬೇಕು. ಆಮೇಲೆಯೇ ಇಬ್ಬರೂ ಕೂಡಿ ನೀರು ಕುಡಿಯಲು ಹೋಗಬಹುದು.

“ಒಬ್ಬರಿಗೆ ಬಂದ್ರ ಬಂದಂಗಲ್ಲ, ಇಬ್ಬರಿಗೂ ಬಂದ್ರ ಬಂತು” ಎಂದು ದಿನವೂ ಹೇಳುತ್ತಿದ್ದೆ. ಹೇಳಿ ಹೇಳಿ ಮಕ್ಕಳಿಗೆ ಅದು ಉಣ್ಣುವ ಮೊದಲು ಕೈ ತೊಳೆದಷ್ಟೇ ಸಹಜವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಕೋಣೆಯ ತುಂಬ ಅಲ್ಲೊಂದು ಇಲ್ಲೊಂದು ‘ಬಂತು’ ಸಿಡಿಯುತ್ತಿತ್ತು. ಆ ಗದ್ದಲಕ್ಕೆ ಮರಾಠಿ ಶಾಲೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ನನಗೆ ಅದಕ್ಕಿಂತ ಒಳ್ಳೆಯ ಸಂಗೀತ ಇವತ್ತಿಗೂ ಕೇಳಿ ಗೊತ್ತಿಲ್ಲ.

ಮೂರನೆಯ ತರಗತಿಯ ಮೊದಲ ಬೆಂಚಿನಲ್ಲಿ ಖಾನಾವಳಿಯವರ ಮಗಳೂ ಟೇಲರನ ಮಗಳೂ ಕೂರುತ್ತಿದ್ದರು. ಖಾನಾವಳಿಯವಳು ಬಲು ಚುರುಕು, ಲೆಕ್ಕ ಬೋರ್ಡಿನ ಮೇಲೆ ಪೂರ್ತಿ ಇಳಿಯುವ ಮೊದಲೇ ಉತ್ತರ ಬರೆದಿರುತ್ತಿದ್ದಳು. ಟೇಲರನ ಮಗಳು ನಿಧಾನಿ. ಆದರೆ ಒಮ್ಮೆ ‘ಬಂತು’ ಅಂದಳೆಂದರೆ ಆಯಿತು, ಮತ್ತೆ ಮರೆಯುವವಳಲ್ಲ. ಇವಳು ಹೇಳಿಕೊಡದೆ ಬಿಡುತ್ತಿರಲಿಲ್ಲ, ಅವಳು ತಿಳಿಯದೆ ಒಪ್ಪುತ್ತಿರಲಿಲ್ಲ. ಆ ಬೆಂಚು ನೀರು ಕುಡಿಯಲು ಏಳುತ್ತಿದ್ದುದು ಎಲ್ಲರಿಗಿಂತ ಕೊನೆಗೆ.

ಆ ವರ್ಷ ಎಲ್ಲ ಶಾಲೆಗಳ ಮೂರನೆಯ ತರಗತಿಗೂ ಸರ್ಕಾರದಿಂದ ಒಂದೇ ಪರೀಕ್ಷೆ ಬಂತು. ಶಾಲೆ ನಡೆಸುತ್ತಿದ್ದ ಮಂಡಳಿಯ ಹಿರಿಯರು ನನ್ನನ್ನು ಕರೆಸಿದರು.

“ನೋಡ್ರಿ ಅಕ್ಕೋರ, ಈ ಸಲ ಹುಡುಗ್ರು ಸರ್ಕಾರ ಇಟ್ಟ ಮಟ್ಟ ಮುಟ್ಟಿದ್ರ ಜೂನಿಗೆ ನಾಲ್ಕನೇ ವರ್ಗ ತೆರೀತೀವಿ. ಇಲ್ಲಾಂದ್ರ ಸಾಲಿ ಮುಚ್ಚೋದ. ನನ್ನ ಕೈಯಾಗ ಏನೂ ಇಲ್ಲ.”

ಅಂದಿನಿಂದ ನನ್ನ ಮಕ್ಕಳನ್ನು ತಯಾರು ಮಾಡಿದ್ದೇ ಮಾಡಿದ್ದು. ಪರೀಕ್ಷೆಯ ಬೆಳಿಗ್ಗೆ ಒಬ್ಬೊಬ್ಬರಿಗೂ ತಲೆ ನೇವರಿಸಿ, ಒಳಗೆ ಮಾತಾಡಬ್ಯಾಡ್ರಿ ಎಂದು ಹೇಳಿ ಕಳಿಸಿದೆ. ಮೇಲ್ವಿಚಾರಣೆಗೆ ಬೇರೆ ಶಾಲೆಯ ಗುರುಗಳು ಬಂದಿದ್ದರು. ನಾನು ಹೊರಗಿನ ಪಡಸಾಲೆಯಲ್ಲಿ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮರಾಠಿಯಲ್ಲಿ ಗದರುವ ದನಿ ಕೇಳಿತು. ಓಡಿ ಹೋಗಿ ನೋಡಿದರೆ ಗುರುಗಳ ಕೈಯಲ್ಲಿ ಎರಡು ಉತ್ತರಪತ್ರಿಕೆ. ಖಾನಾವಳಿಯವಳು ತನ್ನದನ್ನು ಬರೆದು ಮುಗಿಸಿ, ಪೆನ್ಸಿಲ್ ಕೆಳಗಿಟ್ಟು, ದಿನದಂತೆ ಪಕ್ಕಕ್ಕೆ ಸರಿದು, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿಕೊಡಲು ಶುರು ಮಾಡಿದ್ದಳು. ಹನ್ನೊಂದು ಗಂಟೆಗೆ ಹೊರಟ ಬಸ್ಸು ಮಧ್ಯಾಹ್ನ ಮೂರಕ್ಕೆ ತಲುಪಿದರೆ ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ. ಟೇಲರನ ಮಗಳು ಹನ್ನೊಂದರಲ್ಲಿ ಮೂರು ಕಳೆದು ಎಂಟು ಎಂದು ಬರೆದಿದ್ದಳು.

“ಮಾತಾಡಬ್ಯಾಡ್ರಿ ಅಂದಿರಲಿಲ್ಲೇನ?” ಎಂದೆ.

“ಮಾತಾಡಿಲ್ರಿ ಅಕ್ಕೋರ,” ಖಾನಾವಳಿಯವಳು ಕಣ್ಣರಳಿಸಿ ಅಂದಳು. “ಹೇಳಿಕೊಡಾಕತ್ತಿದ್ದೆ. ಆಕಿಗೆ ಇನ್ನಾ ಬಂದಿಲ್ರಿ.”

ಇದನ್ನು ಕಲಿಸಿದವರು ಯಾರು ಎಂದು ಗುರುಗಳು ಕೇಳಿದರು. ನಾನೇ ಎಂದೆ. ಇದಕ್ಕೆ ನಕಲು ಅನ್ನುತ್ತಾರೆ, ಎಂದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ನಕಲು ಮಾಡುವವರು ಇಷ್ಟು ಗಟ್ಟಿಯಾಗಿ ಮಾಡುತ್ತಾರೆಯೇ ಎಂದು ಮರಾಠಿಯಲ್ಲೇ ಕೇಳಿಬಿಟ್ಟೆ. ಅವರು ಕೆಟ್ಟವರಲ್ಲ, ಎರಡೂ ಪತ್ರಿಕೆಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಆದರೆ ನಿಯಮ ನಿಯಮವೇ. ಎರಡು ಪತ್ರಿಕೆಗಳೂ ರದ್ದಾದವು. ನಮ್ಮಂಥ ಸಣ್ಣ ತರಗತಿಗೆ ಅಷ್ಟೇ ಸಾಕಾಯಿತು, ಮಟ್ಟ ಮುಟ್ಟಲಿಲ್ಲ. ಜೂನಿನಲ್ಲಿ ಆ ಕೋಣೆಯನ್ನು ಮರಾಠಿ ಶಾಲೆಯವರು ಸಾಮಾನು ಇಡಲು ತೆಗೆದುಕೊಂಡರು. ಮಕ್ಕಳು ದಿಕ್ಕಿಗೊಬ್ಬರಾದರು.

ಪದ್ಧತಿ ತಪ್ಪಿತ್ತೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಈ ಹೊಸ ಶಾಲೆಯಲ್ಲಿ ಒಮ್ಮೆ ಅದನ್ನು ತರಲು ನೋಡಿದೆ. ನಮ್ಮ ಮಗುವಿನ ಸಮಯ ಬೇರೆಯವರಿಗೆ ಯಾಕೆ ಎಂದು ತಾಯಿಯೊಬ್ಬರು ಕೇಳಿದರು. ಅಲ್ಲಿಗೆ ಬಿಟ್ಟೆ.

ಕಳೆದ ದೀಪಾವಳಿಗೆ ಊರಿಗೆ ಹೊರಟು ಕಾತ್ರಜದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. “ನಮಸ್ಕಾರ್ರಿ ಅಕ್ಕೋರ” ಎಂದು ಯಾರೋ ಕರೆದರು. ಟೇಲರನ ಹೆಂಡತಿ. ಸೆರಗಿನ ಹಿಂದೆ ಮಗಳು, ಉದ್ದಕ್ಕೆ ಬೆಳೆದಿದ್ದಾಳೆ, ಮರಾಠಿ ಶಾಲೆಗೆ ಹೋಗುತ್ತಾಳಂತೆ. ಮೊದಲು ನಾಚಿದಳು. ಆಮೇಲೆ ತಾನಾಗಿಯೇ ಮುಂದೆ ಬಂದಳು.

“ಅಕ್ಕೋರ, ಆ ಬಸ್ಸಿನ ಲೆಕ್ಕ ಬಂತ್ರಿ.”

“ಹೌದ? ಹೆಂಗ, ಹೇಳು ನೋಡೋಣು.”

“ಕಳೀಬಾರದ್ರಿ. ಮೊದಲ ಹನ್ನೆರಡರ ತನಕ ಹೋಗೋದು, ಒಂದು ತಾಸು. ಆಮ್ಯಾಲ ಮೂರರ ತನಕ ಮೂರು ತಾಸು. ಕೂಡಿಸಿದ್ರ ನಾಕು.” ಬೆರಳು ಮಡಚಿ ತೋರಿಸಿದಳು.

“ಭಾಳ ಶಾಣ್ಯಾಕಿ ಅದಿ” ಎಂದು ಕೆನ್ನೆ ಸವರಿದೆ.

ಅವಳ ಮಾತು ಇನ್ನೂ ಮುಗಿದಿರಲಿಲ್ಲ. “ಆಕಿಗೆ ಹೇಳ್ರಿ ಅಕ್ಕೋರ, ನನಗ ಬಂತು ಅಂತ. ಇಲ್ಲಾಂದ್ರ ಆಕಿ ಕಾಯ್ಕೋತ ಕುಂತಿರ್ತಾಳ್ರಿ.”

ಶಾಲೆ ಮುಚ್ಚಿದ ಬೇಸಿಗೆಯಲ್ಲೇ ಆ ಖಾನಾವಳಿಯೂ ಎದ್ದುಹೋಗಿತ್ತು. ಸೊಲ್ಲಾಪುರ ಅಂದವರುಂಟು, ಹುಬ್ಬಳ್ಳಿ ಅಂದವರುಂಟು. ನನ್ನಲ್ಲಿದ್ದ ಫೋನ್ ನಂಬರು ಹತ್ತುವುದಿಲ್ಲ.

“ಹೇಳ್ತೀನವ್ವ” ಎಂದೆ.

ಈಗ ದಾರಿಯಲ್ಲಿ ಯಾವ ಖಾನಾವಳಿ ಕಂಡರೂ ನಿಂತು ಒಳಗೆ ಇಣುಕಿ ನೋಡುತ್ತೇನೆ.