ಮಮೆತಾನ ಹೂಂ

"ಹೂಂ... ಹೂಂ..."

ಮಕ್ಕಳ ಕೋಣೆಯಿಂದ ಆ ಸದ್ದು ಕೇಳಿದರೆ ಸಾಕು, ಸುಮಿಯೆಯ ಎದೆ ಹಿಗ್ಗುತ್ತಿತ್ತು. ಮೊಗಾಮಿ ನದಿಯ ದಂಡೆಯ ಈ ಪುಟ್ಟ ಗ್ರಂಥಾಲಯದಲ್ಲಿ ಕಥೆ ಓದಿ ಹೇಳುತ್ತಲೇ ಅವಳ ಕೂದಲು ನೆರೆತಿತ್ತು. ಹೂಂಗುಡದವರ ಮುಂದೆ ಕಥೆ ಹೇಳಬಾರದು, ಕಥೆ ನೊಂದುಕೊಳ್ಳುತ್ತದೆ ಎಂದು ಅಜ್ಜಿ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದ್ದಳು. ಹಾಗಾಗಿ, ಮಕ್ಕಳು ಓದಿದ್ದನ್ನು ಕೇಳಿಸಿಕೊಳ್ಳಲೆಂದು ಮೊಲದ ಗಾತ್ರದ ರೋಬೋಟ್ ಮಮೆತಾ ಬಂದಾಗ, ಅವಳು ಇಂಜಿನಿಯರ್ ಕುರೊಸೆಯನ್ನು ಕೇಳಿದ್ದು ಒಂದೇ.

"ಓದೋರು ಉಸಿರು ತಗೊಂಡಾಗೆಲ್ಲ ಇದು ಹೂಂಗುಡ್ಲಿ ಕಣಪ್ಪ. ಸುಮ್ನೆ ಕೂತ್ರೆ ಸಿಟ್ಟು ಬಂದಿದೆ ಅಂದ್ಕೋತಾವೆ ಮಕ್ಕಳು."

ಮಕ್ಕಳು ಮುಗಿಬಿದ್ದರು. ಉಗ್ಗಿನ ಕಾರಣಕ್ಕೆ ತರಗತಿಯಲ್ಲಿ ಬಾಯಿ ಬಿಡುವುದನ್ನೇ ಮರೆತಿದ್ದ ಚಿಹಾರು ಕೂಡ ಒಂದು ಸಂಜೆ ಬಂದು ನರಿಯ ಕಥೆ ಬಿಚ್ಚಿದಳು.

"ನ... ನ..."

"ಹೂಂ."

"ನ..."

"ಹೂಂ, ಹೂಂ."

ಹುಡುಗಿ ಪುಸ್ತಕ ಮುಚ್ಚಿದಳು. "ಇದಕ್ಕೂ ಅ... ಅವಸರ. ನಾನಿನ್ನು ಓದಲ್ಲ."

ತಾನೇ ಹೇಳಿ ಹಾಕಿಸಿದ ಹೂಂ! ಸುಮಿಯೆ ಆ ಸಂಜೆಯೇ ಕುರೊಸೆಯನ್ನು ಕರೆಸಿ ಆ ಹೂಂ ತೆಗೆಸಿಬಿಟ್ಟಳು. "ಮಮೆತಾ ಮುನಿಸ್ಕೊಂಡಿದಾನೆ" ಎಂದು ಉಳಿದ ಮಕ್ಕಳು ದೂರ ಸರಿದರು.

ಸುಮಿಯೆ ಚಿಹಾರುವಿನ ಮನೆಗೇ ಹೋದಳು. "ಓದ್ಬೇಡ ಕಂದಾ. ಪಾಪ, ಒಂಟಿಯಾಗಿ ಕೂತಿದಾನೆ. ಜೊತೇಲಿ ಕೂತ್ಕೋ, ಸಾಕು."

ಹುಡುಗಿ ಬಂದಳು, ಕೂತಳು. ಮಾತಾಡದ ಆ ಮುಖವನ್ನೇ ಬಹಳ ಹೊತ್ತು ನೋಡಿದಳು.

"ನಿಂಗೂ ಮಾತು ಹೊ... ಹೊರಡ್ತಿಲ್ವಾ?" ಎಂದು ಅದರ ಬೆನ್ನು ಸವರಿದಳು. "ಪರವಾಗಿಲ್ಲ. ನಾನು ಕಾಯ್ತೀನಿ."

ಕಾದಳು. ಆಮೇಲೆ, "ಅಲ್ಲೀವರೆಗೂ ಕ... ಕಥೆ ಕೇಳ್ತೀಯಾ?" ಎಂದು ತಾನೇ ಪುಸ್ತಕ ಬಿಚ್ಚಿದಳು.

ಕಪಾಟಿನ ಹಿಂದೆ ಸುಮಿಯೆ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿದ್ದ ಕುರೊಸೆ ಪಿಸುಗುಟ್ಟಿದ. "ಸುಮಿಯೆ-ಸಾನ್, ಉಳಿದ ಮಕ್ಕಳಿಗೋಸ್ಕರ ಹೂಂ ವಾಪಸ್ ಹಾಕ್ಬೇಕಲ್ವಾ?"

"ಬಾಯ್ಮುಚ್ಚೋ ಮಹರಾಯ. ಓದು ನಡೀತಿದೆ."

"ಅಲ್ಲ, ಮೇಲಿನೋರು ಕೇಳಿದ್ರೆ ನಾನು..."

ನರಿ ಹಿಮದ ಅಂಚಿಗೆ ಬಂದು ನಿಂತಿತ್ತು. ಮುಂದಿನ ಪದ ಚಿಹಾರುವಿನ ತುಟಿಯಲ್ಲಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಹುಡುಗರ ದಂಡೊಂದು ಬೂಟಿನ ಹಿಮ ಕೊಡವುತ್ತ ಗಲಾಟೆ ಎಬ್ಬಿಸಿತು.

"...ಏನಂತ ಉತ್ತರ ಕೊಡ್ಲಿ?" ಕುರೊಸೆ ಬಿಡಲಿಲ್ಲ. "ನೀವೇ ಹೇಳಿ, ನಾಳೆ ಅವರು..."

ಸುಮಿಯೆ ತುಟಿಯ ಮೇಲೆ ಬೆರಳಿಟ್ಟು, ಹುಡುಗರನ್ನು ಸುಮ್ಮನಾಗಿಸಲು ಕಾಲುಚೀಲದಲ್ಲೇ ಬಾಗಿಲ ಕಡೆಗೆ ನಡೆದುಬಿಟ್ಟಳು.