ಗಂಗುಲಮ್ಮನವರ ಲ್ಯಾಕ್ರೋಸ್ ಗೋಡೆ

ಶಿಡ್ಲಘಟ್ಟದ ಹುಡುಗಿಯರ ಶಾಲೆಯ ಹಿಂದಿನ ಬಯಲಿನಲ್ಲಿ ಇನ್ನೂ ಮಂಜು ಕರಗಿಲ್ಲ. ಸುಣ್ಣದ ಗೋಡೆಯ ಮುಂದೆ ಸ್ಟೂಲಿನ ಮೇಲೆ ನಿಂತು ಡ್ರಿಲ್ ಟೀಚರ್ ಗಂಗುಲಮ್ಮ ಇದ್ದಿಲಿನಲ್ಲಿ ಒಬ್ಬ ಹುಡುಗಿಯನ್ನು ಬರೆಯುತ್ತಿದ್ದಾರೆ. ಎರಡು ಜಡೆ, ಎತ್ತಿ ಸಿಕ್ಕಿಸಿದ ಲಂಗ, ಕೈಯಲ್ಲಿ ತುದಿಗೆ ಬಲೆ ಕಟ್ಟಿದ ಕೋಲು. ಪಕ್ಕದಲ್ಲಿ ಅವಳೇ ಇನ್ನೊಮ್ಮೆ, ಕೋಲು ತುಸು ಹಿಂದಕ್ಕೆ. ಮತ್ತೊಮ್ಮೆ, ಚೆಂಡು ಬಲೆಯೊಳಗೆ. ದೂರದಿಂದ ನೋಡಿದರೆ ಒಬ್ಬಳೇ ಹುಡುಗಿ ಗೋಡೆಯುದ್ದಕ್ಕೂ ಓಡುತ್ತಿರುವಂತೆ ಕಾಣುತ್ತದೆ.

ಈ ಆಟದ ಹೆಸರು ಲ್ಯಾಕ್ರೋಸ್. ಚೆಂಡನ್ನು ಕೈಯಿಂದ ಮುಟ್ಟದೆ ಬಲೆಕೋಲಿನಲ್ಲೇ ಹಿಡಿದು, ಓಡಿ, ಎಸೆಯಬೇಕು. ಮೂರು ವರ್ಷದ ಹಿಂದೆ, 1959ರಲ್ಲಿ, ಇಂಗ್ಲೆಂಡಿಗೆ ವಾಪಸು ಹೊರಟ ಟೀಚರೊಬ್ಬರು ಒಂದು ಪೆಟ್ಟಿಗೆ ಕೋಲುಗಳನ್ನು ಶಾಲೆಗೆ ಬಿಟ್ಟು, ಗಂಗುಲಮ್ಮನವರಿಗೆ ಆಟ ಹೇಳಿಕೊಟ್ಟು ಹೋದರು.

"ನಂಗೆ ಬಂತು, ಮಕ್ಳಿಗೆ ಹೇಳೋಕೆ ಬರ್ಲಿಲ್ಲ. ಕನ್ನಡದಲ್ಲಿ ಹೇಳ್ದೆ, ತೆಲುಗಲ್ಲಿ ಹೇಳ್ದೆ. ಚೆಂಡು ಬಂದ್ರೆ ಮುಖ ಮುಚ್ಕೊಂಡು ಕೂತ್ಬಿಡೋರು. ಆಮೇಲೆ ಇದ್ದಿಲು ತಗೊಂಡೆ" ಎನ್ನುತ್ತಾರೆ ಗಂಗುಲಮ್ಮ.

ಹೊಸಬರ ಕೈಗೆ ಅವರು ರಬ್ಬರ್ ಚೆಂಡು ಕೊಡುವುದಿಲ್ಲ. ಮೊದಲು ಬಲೆಗೆ ಒಂದು ರೇಷ್ಮೆಗೂಡು. ಗೋಡೆಯ ಹುಡುಗಿಯನ್ನು ನೋಡುತ್ತ, ತೊಟ್ಟಿಲು ತೂಗುವ ಹಾಗೆ ಕೋಲು ತೂಗುತ್ತ ನಡೆಯಬೇಕು. ಸದ್ದಿಲ್ಲದ ಬೆಳ್ಳನೆಯ ಗೂಡುಗಳ ಜೊತೆ ಹುಡುಗಿಯರು ಮಂಜಿನಲ್ಲಿ ತೇಲುತ್ತಾರೆ.

ಹೋದ ವರ್ಷ ಆಟವೇ ನಿಲ್ಲುವುದರಲ್ಲಿತ್ತು. ಚೆಂಡು ತಗುಲಿ ರಾಮಲಕ್ಷ್ಮಮ್ಮ ಎಂಬ ಹುಡುಗಿಯ ತುಟಿ ಒಡೆಯಿತು. ತಂದೆ ನರಸಿಂಹಪ್ಪ ಮಗಳನ್ನು ಮನೆಯಲ್ಲಿ ಕೂರಿಸಿದರು. ಉಳಿದ ಮನೆಗಳಲ್ಲೂ ಅದೇ ಮಾತು ಶುರುವಾಯಿತು. ಗಂಗುಲಮ್ಮ ವಾದಕ್ಕೆ ಹೋಗಲಿಲ್ಲ. ಗೋಡೆಯ ಮೇಲೆ ಹೊಸದೊಂದು ಚಿತ್ರ ಬರೆದು ನರಸಿಂಹಪ್ಪನವರನ್ನು ಕರೆಸಿದರು.

ಅವರು ಬಹಳ ಹೊತ್ತು ನೋಡಿದರು. "ನಮ್ಮ ರಾಮಿನೇ ಅಲ್ವೇನಮ್ಮ ಇದು? ಕಣ್ಣು ಮುಚ್ಕೊಂಡವ್ಳೆ."

"ಅದಕ್ಕೇ ಏಟು ಬಿತ್ತಪ್ಪ. ಕಣ್ಣು ಬಿಟ್ಟು ನಿಲ್ಲೋದು ಕಲ್ತ್ರೆ ಚೆಂಡು ಬಲೇಗೆ ಬೀಳ್ತದೆ. ನೀವೇ ಹಿಡೀರಿ, ನೋಡಣ."

ನರಸಿಂಹಪ್ಪ ಪಂಚೆ ಎತ್ತಿ ಕಟ್ಟಿ, ಬಲೆಕೋಲು ಹಿಡಿದು ನಿಂತರು. ಗಂಗುಲಮ್ಮ ಎಸೆದ ರೇಷ್ಮೆಗೂಡು ಹಾರಿ ಬಂದಾಗ ಅವರೂ ಕಣ್ಣು ಮುಚ್ಚಿದರು. ಗೂಡು ಮೀಸೆಗೆ ತಗುಲಿ ಕೆಳಗೆ ಬಿತ್ತು. ಬಯಲೆಲ್ಲ ನಗು, ಅವರಿಗೂ ತಡೆಯಲಾಗಲಿಲ್ಲ. ಮರುದಿನ ಬೆಳಗ್ಗೆ ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ತಾವೇ ಬಂದರು.

ಈಗ ರಾಮಲಕ್ಷ್ಮಮ್ಮ ನಿಜವಾದ ಚೆಂಡನ್ನೇ ಹಿಡಿದು ಬಯಲಿನ ಆ ತುದಿಗೆ ಓಡುತ್ತಾಳೆ. ಆದರೆ ಎದುರಾಳಿಗಳಿಲ್ಲ. ಸುತ್ತಲಿನ ಯಾವ ಊರಿನಲ್ಲೂ ಈ ಆಟ ಯಾರಿಗೂ ಗೊತ್ತಿಲ್ಲ. ಶಾಲೆಯ ಹುಡುಗಿಯರು ತಮ್ಮಲ್ಲೇ ಎರಡು ಪಾಲಾಗಿ ಆಡುತ್ತಾರೆ.

"ಚಿಂತಾಮಣೀಲೋ ಗೌರಿಬಿದನೂರಲ್ಲೋ ಇನ್ನೊಂದು ಟೀಮ್ ಆಗ್ಬೇಕು" ಎನ್ನುತ್ತಾರೆ ಗಂಗುಲಮ್ಮ, ಕೈಯ ಮಸಿ ಒರೆಸಿಕೊಳ್ಳುತ್ತ. "ನಮ್ಮೋರು ಸೋತ್ರೂ ಸರಿ. ಆ ಊರೋರು ಒಂದು ಗೋಡೆ ಕೊಡ್ಲಿ, ಬಸ್ಸು ಹತ್ಕೊಂಡು ನಾನೇ ಹೋಗಿ ಬರ್ದುಕೊಡ್ತೀನಿ."